ಚಿಪ್ಪುಹಂದಿ ಬೆಡಗಿನ ಆಲ್ಬರ್ಟ್

ಬುಸಾಲೆಯ ಹೈಸ್ಕೂಲಿನಲ್ಲಿ ಯುರೋಪಿನ ಇತಿಹಾಸ ಹಳಿ ತಪ್ಪಿದ್ದು ಒಂದು ಸೋಮವಾರ, ಎರಡನೆಯ ಪೀರಿಯಡ್ಡಿನಲ್ಲಿ. ಅದಕ್ಕೆ ಮುಂಚೆ ಅದು ಹಳಿಯ ಮೇಲಿತ್ತು ಎಂದೇನೂ ಅಲ್ಲ. ಹಿಂದಿನ ಟರ್ಮಿನ ಪರೀಕ್ಷೆಯಲ್ಲಿ "ವಿಕ್ಟೋರಿಯಾ ಯಾರು?" ಎಂಬ ಪ್ರಶ್ನೆಗೆ ಹೈಸ್ಕೂಲಿನ ಮೂರನೆಯ ವರ್ಷದ ಅರವತ್ತೊಂದು ಮಕ್ಕಳಲ್ಲಿ ನಲವತ್ತು ಮಂದಿ "ಮೀನು ಹೇರಳವಾಗಿ ಸಿಗುವ ಸರೋವರ" ಎಂದು ಬರೆದಿದ್ದರು. ಇನ್ನು ಹದಿನೆಂಟು ಮಂದಿ ಅದೇ ಉತ್ತರಕ್ಕೆ ಸರೋವರದ ಆಳವನ್ನೂ ಸೇರಿಸಿದ್ದರು. ಇಬ್ಬರು ಏನೂ ಬರೆದಿರಲಿಲ್ಲ. ಸ್ಕೊವಿಯಾ ಎಂಬ ಹುಡುಗಿ ಒಬ್ಬಳೇ "ಇಂಗ್ಲೆಂಡಿನ ರಾಣಿ" ಎಂದು ಬರೆದು, ಅದರ ಕೆಳಗೆ "ನಮ್ಮ ಸರೋವರಕ್ಕೆ ಅವಳ ಹೆಸರಿಡುವಾಗ ಯಾರನ್ನು ಕೇಳಿದರು?" ಎಂದು ಮೇಷ್ಟ್ರಿಗೇ ಮರುಪ್ರಶ್ನೆ ಹಾಕಿದ್ದಳು.

ಆ ಮೇಷ್ಟ್ರು ಯಾಫೇಸಿ ಕಸುಜ್ಜಾ. ಮೂವತ್ತರ ಆಸುಪಾಸಿನ ಸಣಕಲು ಮನುಷ್ಯ. ಕಿವಿಯ ಮೇಲೆ ಸೀಮೆಸುಣ್ಣ ಸಿಕ್ಕಿಸಿಕೊಂಡು ಅದನ್ನೇ ಊರೆಲ್ಲ ಹುಡುಕುವ ಜಾತಿ. ಯಾರು ಏನು ಕೇಳಿದರೂ "ಆಗಲಿ" ಅನ್ನುವುದು ಅವನ ಚಾಳಿ. ಒಂದೇ ಶನಿವಾರ ಎರಡು ಊರುಗಳ ಫುಟ್‌ಬಾಲ್ ಪಂದ್ಯಕ್ಕೆ ರೆಫರಿಯಾಗಲು ಒಪ್ಪಿಕೊಂಡು, ಕೊನೆಗೆ ಎರಡಕ್ಕೂ ಹೋಗದೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದ. ಇಂಥವನು ಸ್ಟಾಫ್ ರೂಮಿನಲ್ಲಿ ಚಹಾ ಹೀರುತ್ತಾ, ಎಲ್ಲರೂ ಆ ಸರೋವರದ ಉತ್ತರಕ್ಕೆ ನಗುತ್ತಿದ್ದಾಗ, ಯಾಕೋ ಎದೆಯುಬ್ಬಿಸಿ ಒಂದು ಮಾತು ಆಡಿಬಿಟ್ಟ.

"ಇನ್ನೆರಡೇ ವಾರ. ಕೈಸರನ ಅಜ್ಜಿ ಯಾರು, ಜಾರ್‌ನ ಭಾವ ಯಾರು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತಾರೆ ನನ್ನ ಮಕ್ಕಳು."

"ನಿದ್ದೆಯಲ್ಲಿ ಹೇಳೋದು ಬೇಡ ಕಣ್ರೀ," ಎಂದರು ಹೆಡ್‌ಮಾಸ್ಟರ್ ಕಿಸೋಲೊ. "ಎಚ್ಚರವಾಗಿದ್ದಾಗ ಹೇಳಿದ್ರೆ ಸಾಕು. ಇನ್ಸ್‌ಪೆಕ್ಟರ್ ಬರ್ತಿದ್ದಾರೆ."

ಕಸುಜ್ಜಾನಿಗೆ ಆ ಎರಡು ವಾರ ಬೇರೆ ಕಾರಣಕ್ಕೂ ಮುಖ್ಯವಾಗಿತ್ತು. ಅದರ ಕೊನೆಯ ಶನಿವಾರ ಅವನು ತನ್ನ ಕಡೆಯವರನ್ನು ಕಟ್ಟಿಕೊಂಡು ಪೆರೂಸಿಯ ಮನೆಗೆ ಹೆಣ್ಣು ಕೇಳುವ ಶಾಸ್ತ್ರಕ್ಕೆ ಹೋಗುವುದಿತ್ತು. ಪೆರೂಸಿ ಮಾರುಕಟ್ಟೆ ಜಗಲಿಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ. ನಾಲ್ಕು ವರ್ಷದ ಹಿಂದೆ ಅವನ ಅಂಗಿಯ ಗುಂಡಿ ಹೊಲಿದುಕೊಟ್ಟಿದ್ದಳು. ಆಮೇಲೆ ಅವನು ಪ್ರತಿವಾರ ಒಂದೊಂದು ಗುಂಡಿ ಕಿತ್ತುಕೊಂಡು ಹೋಗಿದ್ದ.

ಬುಸಾಲೆಯ ಕಡೆ ಮಗುವಿಗೆ ಪೂರ್ತಿ ಹೆಸರು ಹೇಳಲು ಬರುವ ಮುಂಚೆ ಬೆಡಗು, ಅಂದರೆ ತನ್ನ ಕುಲದ ಹೆಸರು, ಹೇಳಲು ಬರುತ್ತದೆ. ಅಣಬೆ ಬೆಡಗು, ಮಿಡತೆ ಬೆಡಗು, ಕಾಡೆಮ್ಮೆ ಬೆಡಗು. ಅಪ್ಪನ ಬೆಡಗೇ ಮಕ್ಕಳದು. ಒಂದೇ ಬೆಡಗಿನವರು ಅಣ್ಣತಂಗಿಯರು, ಮದುವೆಯ ಮಾತೇ ಇಲ್ಲ. ತಾಯಿಯ ಬೆಡಗಿನಲ್ಲೂ ಇಲ್ಲ. ಪರಸ್ಥಳದಲ್ಲಿ ಇಬ್ಬರು ಅಪರಿಚಿತರು ಒಂದು ಬೆಂಚಿನ ಮೇಲೆ ಕುಳಿತರೆ ಐದು ನಿಮಿಷದೊಳಗೆ ಇಬ್ಬರ ಮುತ್ತಜ್ಜಂದಿರೂ ಎದ್ದು ಬಂದು ಅದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಇದನ್ನೆಲ್ಲ ಯಾವ ಮೇಷ್ಟ್ರೂ ಕಲಿಸುವುದಿಲ್ಲ, ಯಾವ ಮಗುವೂ ಮರೆಯುವುದಿಲ್ಲ.

ಸೋಮವಾರ ಕಸುಜ್ಜಾ ಕಪ್ಪುಹಲಗೆಯ ಮುಂದೆ ನಿಂತು, "ಇವತ್ತಿನಿಂದ ಯುರೋಪಿನ ರಾಜರಿಗೂ ಬೆಡಗು ಇದೆ," ಎಂದ.

ಅರವತ್ತೊಂದು ತಲೆಗಳು ಒಟ್ಟಿಗೆ ಮೇಲೆದ್ದವು. ಅವನ ಏಳು ವರ್ಷದ ಮೇಷ್ಟ್ರಿಕೆಯಲ್ಲಿ ಇದು ಮೊದಲು.

ಜರ್ಮನಿಯ ಕೈಸರ್ ಮಿಡತೆ ಬೆಡಗಾದ. ರಷ್ಯದ ಜಾರ್ ಕಾಡೆಮ್ಮೆ. ತುರ್ಕಿಯ ಸುಲ್ತಾನ ನೀರುನಾಯಿ. ವಿಕ್ಟೋರಿಯಾಗೆ ತಂದೆಯ ಕಡೆಯಿಂದ ಅಣಬೆ ಬೆಡಗು ಬಂತು. ಆಮೇಲೆ ಕೊಬುರ್ಗ್ ಎಂಬ ಪುಟ್ಟ ಸಂಸ್ಥಾನದ ಮನೆತನ. ಇದ್ದದ್ದು ಅಂಗೈಯಗಲ ಜಾಗ, ಆದರೆ ಅಳಿಯಂದಿರಾಗಿ ಯುರೋಪಿನ ಎಲ್ಲ ಅರಮನೆಗೂ ಹೊಕ್ಕವರು. ಅವರಿಗೆ ಯಾವ ಬೆಡಗು ಕೊಡೋಣ ಎಂದು ಯೋಚಿಸುತ್ತಾ ಕಸುಜ್ಜಾ ಕಿಟಕಿಯಾಚೆ ನೋಡಿದ. ಆಚೆ ಮಾರುಕಟ್ಟೆ ಇತ್ತು. ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು.

"ಚಿಪ್ಪುಹಂದಿ," ಎಂದ. ಅದು ಪೆರೂಸಿಯ ಬೆಡಗು.

ತರಗತಿಗೆ ತರಗತಿಯೇ ಜೀವ ಬಂದಂತಾಯಿತು. ಮಿಡತೆ ಬೆಡಗಿನ ಮಕ್ಕಳು ಕೈಸರನ ಮೀಸೆಯನ್ನು ತಮ್ಮ ಮನೆಯ ಆಸ್ತಿ ಎಂಬಂತೆ ಬರೆದುಕೊಂಡರು. ಯಾರ ಮಗಳು ಯಾರಿಗೆ, ಯಾರ ಮಗ ಎಲ್ಲಿಗೆ, ಒಂದೂ ತಪ್ಪಲಿಲ್ಲ. ಕಸುಜ್ಜಾ ತೇಲಾಡುತ್ತಿದ್ದ. ಆಗ ಸ್ಕೊವಿಯಾ ಕೈಯೆತ್ತಿದಳು.

"ಸಾರ್, ವಿಕ್ಟೋರಿಯಾಳ ಗಂಡ ಆಲ್ಬರ್ಟ್ ಯಾವ ಬೆಡಗು?"

"ಚಿಪ್ಪುಹಂದಿ. ಕೊಬುರ್ಗ್‌ನೋನು."

"ವಿಕ್ಟೋರಿಯಾಳ ಅಮ್ಮ?"

"ಅವಳು ಆಲ್ಬರ್ಟನ ಅಪ್ಪನ ತಂಗಿ. ಅಂದ್ರೆ..." ಕಸುಜ್ಜಾನ ಸೀಮೆಸುಣ್ಣ ಗಾಳಿಯಲ್ಲೇ ನಿಂತಿತು.

"ಅಂದ್ರೆ ಚಿಪ್ಪುಹಂದಿ," ಎಂದಳು ಸ್ಕೊವಿಯಾ. "ಅಂದ್ರೆ ಅವಳು ಮದುವೆ ಆಗಿದ್ದು ಅಮ್ಮನ ಬೆಡಗಿಗೆ. ಅಂದ್ರೆ ಅವನು ಮದುವೆ ಆಗಿದ್ದು ಸೋದರತ್ತೆ ಮಗಳನ್ನ."

ಕೆಲವು ದೇಶಗಳಲ್ಲಿ ಸೋದರತ್ತೆ ಮಗಳೆಂದರೆ ತೊಟ್ಟಿಲಲ್ಲಿದ್ದಾಗಲೇ ಹೆಸರಿಟ್ಟು ಕಾಯುವ ವಧುವಂತೆ. ಇರಬಹುದು. ಬುಸಾಲೆಯಲ್ಲಿ ಅಂಥ ಮಾತು ಆಡಿದರೆ ಜನ ಊಟದ ಮುಂದಿನಿಂದ ಎದ್ದುಹೋಗುತ್ತಾರೆ. ಅರವತ್ತೊಂದು ಪೆನ್ನುಗಳು ಕೆಳಗಿಳಿದವು. ಹಿಂದಿನ ಬೆಂಚಿನಿಂದ ಯಾರೋ "ಥೂ" ಎಂದರು.

"ಮಕ್ಕಳಾದ್ವಾ ಸಾರ್?" ಇನ್ನೊಬ್ಬಳು ಮೆಲ್ಲಗೆ ಕೇಳಿದಳು.

"ಒಂಬತ್ತು," ಎಂದ ಕಸುಜ್ಜಾ. ಸುಳ್ಳು ಹೇಳಲು ಅವನಿಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಮಾರುಕಟ್ಟೆಯಲ್ಲಿತ್ತು. ಸುದ್ದಿಗೆ ದಾರಿಯಲ್ಲಿ ಯುರೋಪ್ ಉದುರಿಹೋಗಿತ್ತು, ಇಸವಿ ಉದುರಿಹೋಗಿತ್ತು. ಉಳಿದದ್ದು ಇಷ್ಟು: ಚಿಪ್ಪುಹಂದಿ ಬೆಡಗಿನ ಆಲ್ಬರ್ಟ್ ಎಂಬವನು ಅತ್ತೆಯ ಮಗಳನ್ನು ಕಟ್ಟಿಕೊಂಡಿದ್ದಾನೆ, ಒಂಬತ್ತು ಮಕ್ಕಳಿವೆ, ಮೇಷ್ಟ್ರ ಹತ್ತಿರ ಪುರಾವೆ ಇದೆ.

ಟೊಮೇಟೊ ರಾಶಿಯ ಮುಂದೆ ಈ ಸುದ್ದಿ ಕೇಳಿದವಳು ಸೆಂಗಾ ಯೂನಿಯಾ. ಸೆಂಗಾ ಎಂದರೆ ಸೋದರತ್ತೆ. ಯೂನಿಯಾ ಪೆರೂಸಿಯ ಸೋದರತ್ತೆ, ಆದರೆ ಊರೆಲ್ಲ ಅವಳನ್ನು ಸೆಂಗಾ ಎಂದೇ ಕರೆಯುತ್ತಿತ್ತು. ಸೆಂಗಾ ತಲೆಯಾಡಿಸದೆ ಆ ಸೀಮೆಯಲ್ಲಿ ಯಾವ ಹುಡುಗಿಯ ಮದುವೆಯೂ ಆಗುವುದಿಲ್ಲ. ಅವಳು ಟೊಮೇಟೊ ಕೆಳಗಿಟ್ಟು ಸೀದಾ ಅಣ್ಣನ ಮನೆಗೆ ನಡೆದಳು. ಅಣ್ಣ ಜೆಫಾನಿಯಾ ಮುಕೀಬಿ ಆ ಭಾಗದ ಚಿಪ್ಪುಹಂದಿ ಬೆಡಗಿನ ಹಿರಿಯ. ಪೆರೂಸಿಯ ತಂದೆ ತೀರಿಕೊಂಡಿದ್ದರಿಂದ, ದೊಡ್ಡಪ್ಪನಾಗಿ ಹೆಣ್ಣು ಕೊಡಬೇಕಾದವನೂ ಅವನೇ.

ಮರುದಿನ ಬೆಳಿಗ್ಗೆ ಮುಕೀಬಿ ಬಿಳಿ ನಿಲುವಂಗಿಯ ಮೇಲೆ ಕರಿ ಕೋಟು ತೊಟ್ಟು, ಊರುಗೋಲು ಹಿಡಿದು ಹೆಡ್‌ಮಾಸ್ಟರ ಕೋಣೆಯಲ್ಲಿ ಕುಳಿತಿದ್ದ. ಕಸುಜ್ಜಾನನ್ನು ಕರೆಸಲಾಯಿತು. ಕುಶಲ, ಮನೆಯವರ ಕುಶಲ, ಬಾಳೆತೋಟದ ಕುಶಲ ಎಲ್ಲವನ್ನೂ ಸಾವಕಾಶವಾಗಿ ವಿಚಾರಿಸಿದ ಮೇಲೆ ಮುಕೀಬಿ ಕೇಳಿದ:

"ಮೇಷ್ಟ್ರೇ, ಆಲ್ಬರ್ಟ್ ಎಲ್ಲಿದ್ದಾನೆ?"

"ತೀರಿಕೊಂಡ್ರು, ಅಪ್ಪಾಜಿ."

"ಯಾವಾಗ? ನಮಗೆ ಹೇಳಿಕಳಿಸಲಿಲ್ಲವಲ್ಲ!"

"ಸಾವಿರದ ಎಂಟುನೂರ ಅರವತ್ತೊಂದರಲ್ಲಿ."

ಮುಕೀಬಿ ಒಂದು ಕ್ಷಣ ಲೆಕ್ಕ ಹಾಕಿದ. "ಪಾಪ," ಎಂದ. "ಎಲ್ಲಿ?"

"ಇಂಗ್ಲೆಂಡಲ್ಲಿ. ಅಪ್ಪಾಜಿ, ಅವರು ಬಿಳಿಯರು. ಪಾಠ ನೆನಪಿರಲಿ ಅಂತ ನಾನೇ ಅವರಿಗೊಂದು ಬೆಡಗು ಕೊಟ್ಟೆ."

ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು. ಮುಕೀಬಿ ಊರುಗೋಲನ್ನು ಎರಡು ಮೊಣಕಾಲುಗಳ ನಡುವೆ ನೆಟ್ಟ.

"ಕೊಟ್ಟೆ ಅಂದ್ರೆ ಏನು? ಬೆಡಗು ಏನು ಕೊಡೆಯಾ, ಮಳೆ ಬಂತು ಅಂತ ಯಾರಿಗಾದ್ರೂ ಕೊಡೋದಕ್ಕೆ? ಸರಿಯಾಗಿ ಕೇಳಿಸ್ಕೊಳಿ. ನೀವು ಹೇಳಿದ್ದು ಸುಳ್ಳಾದ್ರೆ ನೀವು ಸುಳ್ಳುಗಾರ. ಸುಳ್ಳುಗಾರನಿಗೆ ನಾನು ಹೆಣ್ಣು ಕೊಡಲ್ಲ. ನಿಜ ಆದ್ರೆ ನಮ್ಮ ಬೆಡಗಲ್ಲಿ ಹೇಸಿಗೆ ನಡೆದಿದೆ, ನೂರು ವರ್ಷದಿಂದ ಯಾರೂ ಶುದ್ಧಿ ಮಾಡಿಲ್ಲ. ಅದು ತೀರೋ ತನಕ ನಮ್ಮ ಮನೇಲಿ ಶುಭಕಾರ್ಯ ಇಲ್ಲ. ಎರಡರಲ್ಲಿ ಯಾವುದು?"

ಕಸುಜ್ಜಾನ ಬಾಯಿಂದ ಬಂದ ಮಾತು "ಆಗಲಿ."

"ಏನು ಆಗಲಿ?"

ಅದು ಅವನಿಗೂ ಗೊತ್ತಿರಲಿಲ್ಲ.

"ಹಿರಿಯರ ಸಭೆಗೆ ಹೋಗ್ತೀನಿ," ಎಂದು ಮುಕೀಬಿ ಎದ್ದ. "ಶನಿವಾರದ ಮಾತು ಆಮೇಲೆ."

ಸಂಜೆ ಹೊಲಿಗೆ ಯಂತ್ರದ ಹತ್ತಿರ ಕಸುಜ್ಜಾ ಮುಖ ಜೋಲು ಹಾಕಿ ನಿಂತ. ಪೆರೂಸಿ ಪೆಡಲು ತುಳಿಯುವುದನ್ನು ನಿಲ್ಲಿಸಲಿಲ್ಲ.

"ಊರಲ್ಲಿ ಐವತ್ತು ಬೆಡಗಿವೆ. ನಮ್ಮದೇ ಬೇಕಿತ್ತಾ?"

"ನಿನ್ನ ನೆನಪಾಯ್ತು."

"ನೆನಪಾದ್ರೆ ಬಂದು ಮಾತಾಡಿಸಬೇಕು. ಒಂದು ಖಂಡಕ್ಕೆ ಹೆಸರಿಡಬಾರದು." ಅವಳು ದಾರ ಕತ್ತರಿಸಿದಳು. "ಶನಿವಾರಕ್ಕೆ ನನ್ನ ಗೊಮೆಸಿ ಹೊಲಿದಾಗಿದೆ. ಕೆಂಪು ನಡುಪಟ್ಟಿ ಕೂಡ. ಅದನ್ನ ನಾನು ಇನ್ನೊಬ್ಬರ ಮದುವೆಗೆ ಉಡಲ್ಲ, ತಿಳ್ಕೊಳಿ."

ಇಷ್ಟು ಹೊತ್ತಿಗೆ ಉಳಿದ ಬೆಡಗಿನವರಿಗೂ ತಮ್ಮ ತಮ್ಮ ಜನ ಯುರೋಪಿನಲ್ಲಿ ಏನು ಮಾಡುತ್ತಿದ್ದಾರೆ ಎಂಬ ಕಳಕಳಿ ಹುಟ್ಟಿತ್ತು.

ಮೊದಲು ಬಂದವರು ಹೆಡ್‌ಮಾಸ್ಟರೇ. ಅವರದು ನೀರುನಾಯಿ ಬೆಡಗು. ಕಸುಜ್ಜಾನನ್ನು ಮಾವಿನ ಮರದ ಕೆಳಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು.

"ಏನ್ರೀ, ತುರ್ಕಿಯನ್ನ ಯುರೋಪಿನ ರೋಗಿ ಅಂತ ಬರೆಸಿದ್ದೀರಂತೆ?"

"ಎಲ್ಲ ಪುಸ್ತಕದಲ್ಲೂ ಹಾಗೇ ಇದೆ ಸಾರ್."

"ಇರಲಿ. ಆದರೆ ನನ್ನ ಮಗ ಮನೆಗೆ ಬಂದು, 'ಅಪ್ಪಾ, ನಮಗೆ ಏನು ಕಾಯಿಲೆ?' ಅಂತಾನೆ. ನಿಮ್ಮ ಕಡೆಯ ಮಾತುಗಾರನಾಗಿ ಶನಿವಾರ ನಾನೇ ನಿಂತು ಮಾತಾಡಬೇಕು. ರೋಗಿ ನಿಂತು ಮಾತಾಡ್ತಾನೇನ್ರೀ?"

"ಆಗಲಿ," ಎಂದ ಕಸುಜ್ಜಾ. ಮರುದಿನ ತುರ್ಕಿ ಚೇತರಿಸಿಕೊಳ್ಳುತ್ತಿತ್ತು.

ಆಮೇಲೆ ಬಂದವನು ಹೋಬಳಿ ಅಧಿಕಾರಿ ಕಯೀರಾ, ಕಾಡೆಮ್ಮೆ ಬೆಡಗಿನವನು. ಮೊದಲ ವಾರವೆಲ್ಲ ಅವನು ರಷ್ಯದ ವಿಸ್ತೀರ್ಣವನ್ನು ಕಚೇರಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಜಾರ್‌ನನ್ನು ಸಂಸಾರ ಸಮೇತ ನೆಲಮಾಳಿಗೆಯಲ್ಲಿ ಗುಂಡಿಟ್ಟು ಕೊಂದ ಪಾಠ ಮುಗಿದ ದಿನ ಬೈಸಿಕಲ್ಲನ್ನು ಗೋಡೆಗೆ ಒರಗಿಸಿದವನು ಕುಳಿತುಕೊಳ್ಳಲೂ ಇಲ್ಲ.

"ಇಡೀ ಸಂಸಾರವನ್ನಾ ಮೇಷ್ಟ್ರೇ? ಹೆಣ್ಣುಮಕ್ಕಳನ್ನೂ?"

"ಹೌದು ಸಾರ್. ನನಗೂ ಬೇಜಾರೇ."

"ನಮ್ಮಮ್ಮ ಎರಡು ದಿನದಿಂದ ಊಟ ಬಿಟ್ಟಿದ್ದಾಳೆ. ಸತ್ತ ಅಂತಲೇ ಯಾಕೆ ಹೇಳಬೇಕು? ದೇಶ ಬಿಟ್ಟು ಹೋದ ಅನ್ನಿ. ನಮ್ಮ ರಾಜರನ್ನೂ ಒಂದು ಸಲ ಬಿಳಿಯರು ವಿಮಾನ ಹತ್ತಿಸಿ ಕಳಿಸಿದ್ರು. ವಾಪಸ್ ಬರಲಿಲ್ವಾ?" ಆಮೇಲೆ, ಏನೂ ಸಂಬಂಧವಿಲ್ಲದವನಂತೆ ಸೇರಿಸಿದ: "ಅಂದಹಾಗೆ ಶನಿವಾರಕ್ಕೆ ಶಾಮಿಯಾನ, ಮೈಕು ಕಚೇರಿಯದೇ ಕೊಡೋಣ ಅಂತಿದ್ದೀನಿ."

ಜಾರ್ ದೇಶ ಬಿಟ್ಟು ಹೋದ. ಕಯೀರಾನ ತಾಯಿ ಬಾಳೆಕಾಯಿ ಬೇಯಿಸಿಕೊಂಡು ಉಂಡಳು.

ಹೀಗೆ ಎರಡನೆಯ ವಾರದ ನಡುವಿಗೆ ಯುರೋಪ್ ಎಷ್ಟೋ ಸುಧಾರಿಸಿತ್ತು. ಯಾರೂ ಅಷ್ಟಾಗಿ ಸೋತಿರಲಿಲ್ಲ. ಮಿಡತೆ ಬೆಡಗಿನವರ ಒತ್ತಾಯಕ್ಕೆ ಮಹಾಯುದ್ಧವೇ ಗಡಿಜಗಳದ ಮಟ್ಟಕ್ಕೆ ಇಳಿದಿತ್ತು. ಸ್ಕೊವಿಯಾ ಮಾತ್ರ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಎರಡು ಕಾಲಂ ಮಾಡಿಕೊಂಡಿದ್ದಳು.

ಬುಧವಾರ ಇನ್ಸ್‌ಪೆಕ್ಟರ್ ಬಂದರು. ಗೋಡೆಯ ಮೇಲೆ ಮಕ್ಕಳು ಬಣ್ಣದಲ್ಲಿ ಬರೆದ ವಂಶವೃಕ್ಷ ನೇತಾಡುತ್ತಿತ್ತು. ಅದರಲ್ಲಿ ಮೇಷ್ಟ್ರ ಸುಧಾರಣೆಗಳು ಇರಲಿಲ್ಲ. ಯಾರು ಯಾರ ಮಗ, ಯಾರ ಮಗಳು, ಯಾವ ಬೆಡಗು ಎಂಬುದಷ್ಟೇ ಇತ್ತು, ಅಷ್ಟೂ ಸರಿಯಾಗಿತ್ತು. ಇನ್ಸ್‌ಪೆಕ್ಟರ್ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು.

"ಕೈಸರ್ ವಿಲ್ಹೆಲ್ಮ್‌ಗೂ ಇಂಗ್ಲೆಂಡಿನ ಐದನೆಯ ಜಾರ್ಜ್‌ಗೂ ಏನಾಗಬೇಕು?"

"ಕೈಸರನ ಅಮ್ಮ ಜಾರ್ಜನ ಸೆಂಗಾ, ಸಾರ್!" ಎಂದು ಅರ್ಧ ತರಗತಿ ಕೂಗಿತು.

"ಜಾರ್ಜ್‌ಗೂ ರಷ್ಯದ ನಿಕೊಲಸ್‌ಗೂ?"

"ಅಕ್ಕತಂಗಿ ಮಕ್ಕಳು, ಸಾರ್!" ಎಂದಿತು ಉಳಿದರ್ಧ.

ಇನ್ಸ್‌ಪೆಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. ಇಪ್ಪತ್ತು ವರ್ಷದ ತಪಾಸಣೆಯಲ್ಲಿ ಅವರಿಗೆ ಎಲ್ಲ ಕಡೆ ಸಿಕ್ಕಿದ್ದು ಸರೋವರವೇ. ಖುಷಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದರು: "ಆ ನಿಕೊಲಸ್‌ಗೆ ಕೊನೆಗೆ ಏನಾಯಿತು?"

ಸ್ಕೊವಿಯಾ ಎದ್ದು ನಿಂತಳು.

"ಸಾರ್, ಪರೀಕ್ಷೆ ಉತ್ತರ ಬೇಕಾ, ಊರಿನ ಉತ್ತರ ಬೇಕಾ?"

"ಎರಡೂ ಹೇಳಮ್ಮ."

"ಪರೀಕ್ಷೆಯಲ್ಲಿ ಕೊಂದುಬಿಟ್ಟರು. ಊರಲ್ಲಿ ಇನ್ನೂ ಪ್ರಯಾಣದಲ್ಲಿದ್ದಾರೆ."

ಕಸುಜ್ಜಾ ಗೋಡೆಗೆ ಒರಗಿಕೊಂಡ. ಇನ್ಸ್‌ಪೆಕ್ಟರ್ ಅವನನ್ನು ವರಾಂಡಕ್ಕೆ ಕರೆದರು. ಕೆಲಸ ಹೋಯಿತು ಎಂದುಕೊಂಡೇ ಅವನು ಹಿಂದೆ ಹೋದ.

"ಮೇಷ್ಟ್ರೇ, ನಮ್ಮದು ಆನೆ ಬೆಡಗು," ಎಂದರು ಇನ್ಸ್‌ಪೆಕ್ಟರ್, ಆಚೀಚೆ ನೋಡಿ. "ಚಾರ್ಟಿನಲ್ಲಿ ಎಲ್ಲೂ ಕಾಣಲಿಲ್ಲ."

"ಇನ್ನೂ ಅಲ್ಲಿಗೆ ಬಂದಿಲ್ಲ ಸಾರ್."

"ಅಮೆರಿಕ ಖಾಲಿ ಇದೆಯಾ?"

"ಅಲ್ಲಿ ರಾಜರಿಲ್ಲ ಸಾರ್."

"ಪರವಾಗಿಲ್ಲ, ನಮ್ಮೋರು ದುಡಿದು ತಿನ್ನೋ ಜನ."

"ಆಗಲಿ," ಎಂದ ಕಸುಜ್ಜಾ.

ಹೋಗುವಾಗ ಇನ್ಸ್‌ಪೆಕ್ಟರ್ ಗೋಡೆಯ ಚಾರ್ಟನ್ನು ಬಿಚ್ಚಿಸಿ, ಕೆಳಗೆ ಇಲಾಖೆಯ ಮೊಹರು ಒತ್ತಿ, ಜಿಲ್ಲೆಯ ಎಲ್ಲ ಶಾಲೆಗಳೂ ಇದನ್ನು ನಕಲು ಮಾಡಿಕೊಳ್ಳತಕ್ಕದ್ದು ಎಂದು ಬರೆದು, ಜೀಪಿನಲ್ಲಿ ಹಾಕಿಕೊಂಡು ಹೋದರು.

ಗುರುವಾರ ಮುಕೀಬಿ ಮತ್ತೆ ಬಂದ. ಈ ಸಲ ಊರುಗೋಲನ್ನು ನೆಡಲಿಲ್ಲ, ಕಂಕುಳಲ್ಲಿ ಇಟ್ಟುಕೊಂಡಿದ್ದ. ಮುಖದಲ್ಲಿ ಹಬ್ಬ.

"ಮೇಷ್ಟ್ರೇ, ಹಿರಿಯರ ಸಭೆಯಲ್ಲಿ ಮಾತಾಯ್ತು. ಒಂದು ವಿಷಯ ಖಾತ್ರಿ ಮಾಡ್ಕೋಬೇಕಿತ್ತು. ಮಕ್ಕಳು ಅಪ್ಪನ ಬೆಡಗು ತಾನೆ? ಹಾಗಾದ್ರೆ ಆಲ್ಬರ್ಟನ ಮಗ ಇಂಗ್ಲೆಂಡಿನ ರಾಜ ಆದಾಗ ಸಿಂಹಾಸನ ಯಾರ ಪಾಲಾಯ್ತು?"

"ಚಿಪ್ಪುಹಂದಿಯ ಪಾಲಾಯ್ತು, ಅಪ್ಪಾಜಿ."

"ನಾನು ಚಿಕ್ಕವನಿದ್ದಾಗ ನಾಣ್ಯದ ಮೇಲೆ ಒಬ್ಬ ರಾಜನ ತಲೆ ಇರ್ತಿತ್ತು."

"ಆರನೆಯ ಜಾರ್ಜ್. ಆಲ್ಬರ್ಟನ ಮರಿಮಗ."

"ನಮ್ಮ ಹುಡುಗ!" ಮುಕೀಬಿ ತೊಡೆ ತಟ್ಟಿಕೊಂಡ. "ಮೂಗು ನೋಡಿದಾಗಲೇ ನನಗೆ ಏನೋ ಅನ್ನಿಸ್ತಿತ್ತು. ಒಟ್ಟು ಮೊಮ್ಮಕ್ಕಳು ಎಷ್ಟು?"

"ನಲವತ್ತೆರಡು."

"ನಲವತ್ತೆರಡು! ಸಭೆಯಲ್ಲಿ ಸಿಂಹಾಸನದ ಮಾತು ಬಂದಾಗ ಮೊದಲ ಸಾಲಲ್ಲಿ ಕೂತಿದ್ದ ಅಣಬೆಯವರ ಮುಖ ನೀವು ನೋಡಬೇಕಿತ್ತು." ಆಮೇಲೆ ಅವನು ಹತ್ತಿರ ಸರಿದ. "ಈಗ ಕೇಳಿ. ಮೊಮ್ಮಕ್ಕಳು ಇರಲಿ. ಆ ಮದುವೆ ಬೇಡ. ಆ ವಿಕ್ಟೋರಿಯಾಳ ಅಮ್ಮನನ್ನ ಅವರೆಕಾಳು ಬೆಡಗಿಗೆ ಹಾಕಿಬಿಡಿ. ಅವರಲ್ಲಿ ಜಗಳ ಮಾಡೋ ಜನ ಇಲ್ಲ. ಎಲ್ಲ ಚೊಕ್ಕ ಆಗುತ್ತೆ, ಶನಿವಾರ ನೀವೂ ಬನ್ನಿ."

ಕಸುಜ್ಜಾನ ನಾಲಿಗೆಯ ತುದಿಯವರೆಗೆ ಬಂದ "ಆಗಲಿ" ಅಲ್ಲೇ ನಿಂತಿತು. ಚಾರ್ಟು ಜೀಪಿನಲ್ಲಿ ಹೋಗಿತ್ತು. ಅಮ್ಮನ ಬೆಡಗಿನ ಮೇಲೆ ಸರ್ಕಾರದ ಮೊಹರು ಬಿದ್ದಿತ್ತು. ಈ ಹೊತ್ತಿಗೆ ಜಿಲ್ಲೆಯ ಮೂವತ್ತೆಂಟು ಶಾಲೆಗಳ ಗೋಡೆಯ ಮೇಲೆ ಆಲ್ಬರ್ಟ್ ಅತ್ತೆಯ ಮಗಳ ಕೈ ಹಿಡಿಯುತ್ತಿದ್ದ.

ಇದನ್ನು ಕೇಳಿದ ಮುಕೀಬಿಯ ಮುಖದ ಹಬ್ಬ ಇಳಿಯಿತು.

"ಬನ್ನಿ ಶನಿವಾರ," ಎಂದ ನಿಧಾನವಾಗಿ. "ಆದರೆ ಎಲ್ಲರ ಮುಂದೆ ಈ ಪ್ರಶ್ನೆ ಕೇಳ್ತೀನಿ. ಉತ್ತರ ಸರಿ ಇದ್ರೆ ಹುಡುಗಿ ಹೊರಗೆ ಬರ್ತಾಳೆ. ಇಲ್ಲದಿದ್ರೆ ನಿಮ್ಮ ಬುಟ್ಟಿಗಳನ್ನ ನೀವೇ ಹೊತ್ಕೊಂಡು ಹೋಗಿ."

ಶನಿವಾರ ಬಂತು. ಹೋಬಳಿ ಕಚೇರಿಯ ಶಾಮಿಯಾನದ ಒಂದು ಕಡೆ ಹೆಣ್ಣಿನವರು, ಎದುರಿಗೆ ಗಂಡಿನವರು. ಸಕ್ಕರೆ, ಉಪ್ಪು, ಸೋಪು, ಬಟ್ಟೆಗಳ ಬುಟ್ಟಿಗಳು ಸಾಲಾಗಿ ಕುಳಿತಿದ್ದವು. ಹುಡುಗಿಯ ಅಣ್ಣನಿಗೆ ಕೊಡಬೇಕಾದ ಹುಂಜ ಒಂದು ಬುಟ್ಟಿಯಿಂದ ತಲೆ ಹೊರಹಾಕಿ ಎಲ್ಲರನ್ನೂ ಅನುಮಾನದಿಂದ ನೋಡುತ್ತಿತ್ತು. ಕಸುಜ್ಜಾ ಬಿಳಿ ನಿಲುವಂಗಿಯ ಮೇಲೆ ಕೋಟು ತೊಟ್ಟು ಇಪ್ಪತ್ತು ಗಂಡಸರ ನಡುವೆ, ಇಂಥ ದಿನ ಮದುವೆಗಂಡು ಕುಳಿತುಕೊಳ್ಳಬೇಕಾದ ಹಾಗೆ, ಬಾಯಿ ಬಿಗಿದುಕೊಂಡು ಕುಳಿತಿದ್ದ. ಅವನ ಪರವಾಗಿ ಹೆಡ್‌ಮಾಸ್ಟರು ಎದ್ದು, ಸಂಪೂರ್ಣ ಆರೋಗ್ಯವಂತ ದನಿಯಲ್ಲಿ, ಕೋತಿ ಬೆಡಗಿನ ಹುಡುಗ, ಇಂಥವನ ಮಗ, ಇಂಥವನ ಮೊಮ್ಮಗ ಎಂದು ಪರಿಚಯ ಹೇಳಿದರು. ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಆಗ ಮುಕೀಬಿ ಎದ್ದು ಮೈಕು ಕೈಗೆ ತೆಗೆದುಕೊಂಡ.

"ಮೇಷ್ಟ್ರು ಉತ್ತರ ಹೇಳಲಿ. ನಮ್ಮ ಆಲ್ಬರ್ಟ್ ತಪ್ಪು ಮಾಡಿದ್ದು ಹೌದೋ ಅಲ್ಲವೋ?"

"ಗಂಡು ಮಾತಾಡೋ ಹಾಗಿಲ್ಲ!" ಎಂದರು ಹೆಡ್‌ಮಾಸ್ಟರು.

"ಊರಿಗೆಲ್ಲ ಮಾತಾಡಿ ಆಗಿದೆ, ಈಗ ಇಲ್ಲೂ ಮಾತಾಡಲಿ."

ಕಸುಜ್ಜಾ ಎದ್ದು ನಿಂತ. ಹೌದು ಎಂದರೆ ಬೆಡಗಿಗೆ ಮಸಿ. ಅಲ್ಲ ಎಂದರೆ ಮೂವತ್ತೆಂಟು ಶಾಲೆ ಅವನನ್ನು ಸುಳ್ಳುಗಾರ ಅನ್ನುತ್ತವೆ. ಮನೆಯೊಳಗೆ ಕಿಟಕಿಯ ಪರದೆಯ ಹಿಂದೆ ಕೆಂಪು ನಡುಪಟ್ಟಿಯ ಒಂದು ಚೂರು ಕಾಣುತ್ತಿತ್ತು.

"ಅಣ್ಣಾ, ನೀನು ಕೂತ್ಕೋ," ಎಂಬ ದನಿ ಕೇಳಿತು. ಚಾಪೆಯ ಮೇಲಿನ ಹೆಂಗಸರ ನಡುವಿನಿಂದ ಸೆಂಗಾ ಯೂನಿಯಾ ಎದ್ದು ಬಂದಳು. "ಎರಡು ವಾರದಿಂದ ಈ ಆಲ್ಬರ್ಟ್, ಆಲ್ಬರ್ಟ್ ಕೇಳಿ ನನ್ನ ಕಿವಿ ಕಿತ್ತುಹೋಗಿದೆ. ಹುಡುಗಿ ವಿಷಯ ಒಬ್ಬರಾದ್ರೂ ಕೇಳಿದ್ರಾ? ಮೇಷ್ಟ್ರೇ, ಆ ವಿಕ್ಟೋರಿಯಾಗೆ ಸೆಂಗಾ ಇದ್ಲಾ?"

"ಇದ್ರು ಅತ್ತೆ. ನಾಲ್ಕು ಜನ ಬದುಕಿದ್ರು."

"ನಾಲ್ಕು ಜನ! ಮದುವೆಗೆ ಮುಂಚೆ ಅವರಲ್ಲಿ ಯಾರನ್ನಾದ್ರೂ ಕೇಳಿದ್ರಾ?"

ಕಸುಜ್ಜಾ ಓದಿದ್ದ ಪುಸ್ತಕಗಳನ್ನೆಲ್ಲ ಮನಸ್ಸಿನಲ್ಲೇ ಮಗುಚಿ ಹಾಕಿದ. "ಕೇಳಿದ ಹಾಗೆ ಎಲ್ಲೂ ಬರೆದಿಲ್ಲ."

ಹೆಂಗಸರ ಚಾಪೆಯಿಂದ ಒಂದು ನಿಟ್ಟುಸಿರು ಎದ್ದು ಶಾಮಿಯಾನದ ಬಟ್ಟೆಯವರೆಗೆ ಹೋಯಿತು.

"ಮತ್ತೆ ಈ ಸಂಬಂಧ ತಂದೋರು ಯಾರು?"

"ಲಿಯೊಪೋಲ್ಡ್ ಅಂತ, ಬೆಲ್ಜಿಯಂ ದೇಶದ ದೊರೆ. ಹುಡುಗನಿಗೆ ಚಿಕ್ಕಪ್ಪ, ಹುಡುಗಿಗೆ ಸೋದರಮಾವ. ಇಬ್ಬರೂ ಚಿಕ್ಕವರಿದ್ದಾಗಿನಿಂದ ಹೀಗೇ ಆಗಬೇಕು ಅಂತ ಕಾಗದದ ಮೇಲೆ ಕಾಗದ ಬರೀತಿದ್ದ."

"ಗಂಡಸು!" ಎಂದಳು ಸೆಂಗಾ. ಚಾಪೆಯ ಮೇಲಿದ್ದ ಮೂವತ್ತು ಹೆಂಗಸರು ಒಟ್ಟಿಗೆ ಚಪ್ಪಾಳೆ ತಟ್ಟಿದರು. "ನಾಲ್ಕು ನಾಲ್ಕು ಸೆಂಗಾಗಳನ್ನ ಮೂಲೆಗೆ ಕೂರಿಸಿ, ಒಬ್ಬ ಗಂಡಸು ಕೂತಲ್ಲೇ ಕೂತು ಮದುವೆ ಮಾಡಿದ್ದಾನೆ. ಒಬ್ಬ ಸೆಂಗಾನ್ನ ಕೇಳಿದ್ರೂ ಸಾಕಿತ್ತು. 'ಅಯ್ಯೋ ಅವನು ಅಮ್ಮನ ಬೆಡಗು ಕಣೇ' ಅಂತ ಅಲ್ಲೇ ಹೇಳೋಳು. ತಪ್ಪು ಆಲ್ಬರ್ಟಂದಲ್ಲ, ಆ ಹುಡುಗೀದೂ ಅಲ್ಲ. ಸೆಂಗಾನ್ನ ಕೇಳದೆ ಮದುವೆ ಮಾತಿಗೆ ಮೂಗು ತೂರಿಸಿದವನದು." ಅವಳು ಅಣ್ಣನ ಕಡೆ ತಿರುಗಿದಳು. "ಈಗ ಹೇಳು. ಈ ಹುಡುಗಿಗೆ ಸೆಂಗಾ ಇದ್ದಾಳಾ?"

"ಇದ್ದಾಳೆ," ಎಂದ ಮುಕೀಬಿ, ಮೈಕನ್ನು ಸ್ವಲ್ಪ ಕೆಳಗಿಳಿಸಿ.

"ಈ ಸಂಬಂಧಕ್ಕೆ ಅವಳು ಒಪ್ಪಿ ಎಷ್ಟು ತಿಂಗಳಾಯ್ತು?"

"ಎಂಟು."

"ನಿಲ್ಲಿಸಿದ್ದು ಯಾರು?"

ಮುಕೀಬಿಗೆ ತಾನು ನಿಂತಿರುವ ಜಾಗಕ್ಕೆ ಲಿಯೊಪೋಲ್ಡನ ನೆರಳು ಬೀಳುತ್ತಿರುವುದು ಕಂಡಿತು. ಅದರ ಜೊತೆಗೇ ಇನ್ನೊಂದೂ ಕಂಡಿತು: ತಪ್ಪೆಲ್ಲ ಒಬ್ಬ ಚಿಕ್ಕಪ್ಪನ ತಲೆಗೆ ಹೋದರೆ ಆಲ್ಬರ್ಟ್ ಚೊಕ್ಕ, ನಲವತ್ತೆರಡೂ ಮೊಮ್ಮಕ್ಕಳು ಚೊಕ್ಕ. ಅವನು ಸರ್ರನೆ ಮೈಕನ್ನು ಮತ್ತೆ ಮೇಲೆತ್ತಿದ.

"ಲಿಯೊಪೋಲ್ಡ್ ತಪ್ಪಿತಸ್ಥ!" ಎಂದು ಘೋಷಿಸಿದ. "ದಂಡ ಒಂದು ಆಡು. ಇಲ್ಲೇ, ಈಗಲೇ, ಊಟಕ್ಕೆ ಮುಂಚೆ. ಅವನು ಬಂದಿಲ್ಲವಾದ್ದರಿಂದ ಅವನನ್ನ ಈ ಊರಿಗೆ ಕರೆದುಕೊಂಡು ಬಂದವರು ಕೊಡಲಿ."

ಎಲ್ಲರೂ ಕಸುಜ್ಜಾನ ಕಡೆ ನೋಡಿದರು.

"ಆಗಲಿ," ಎಂದ ಕಸುಜ್ಜಾ. ಜೀವಮಾನದಲ್ಲಿ ಅಷ್ಟು ಮನಸಾರೆ ಆ ಮಾತನ್ನು ಅವನು ಹೇಳಿದ್ದೇ ಇಲ್ಲ.

ಪಕ್ಕದ ಮನೆಯಿಂದ ಕಂದು ಬಣ್ಣದ ಒಂದು ಆಡು ಬಂತು. "ಬೆಲ್ಜಿಯಂ ದೇಶದ ದೊರೆಯ ಪರವಾಗಿ!" ಎಂದು ಹೆಡ್‌ಮಾಸ್ಟರು ಮೈಕಿನಲ್ಲಿ ಕೂಗಿ ಅದರ ಹಗ್ಗವನ್ನು ಹೆಣ್ಣಿನವರಿಗೆ ಒಪ್ಪಿಸಿದರು. ಡೋಲು ಬಡಿಯಿತು. ಸೆಂಗಾ ಯೂನಿಯಾ ಗಂಡಸರ ಸಾಲಿನ ಮುಂದೆ ಒಬ್ಬೊಬ್ಬರ ಮುಖವನ್ನೂ ಹುಡುಕುವವಳಂತೆ ನಟಿಸುತ್ತಾ ನಡೆದು, ಕೊನೆಗೆ ಕಸುಜ್ಜಾನನ್ನು ಹಿಡಿದು ಅವನ ಕೋಟಿಗೆ ಹೂ ಚುಚ್ಚಿದಳು. ಪೆರೂಸಿ ಹೊರಗೆ ಬಂದಳು.

ಆ ಆಡಿನಿಂದಾಗಿ ಊಟ ಎರಡು ಗಂಟೆ ತಡವಾಯಿತು. ಯಾರೂ ಬೇಸರಪಟ್ಟುಕೊಳ್ಳಲಿಲ್ಲ. ಮುಕೀಬಿ ಅಣಬೆ ಬೆಡಗಿನವರ ಸಾಲಿನಲ್ಲಿ ಕುಳಿತು ನಾಣ್ಯದ ಮೂಗಿನ ವಿಚಾರ ಹೇಳುತ್ತಿದ್ದ. ಕೊನೆಗೆ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಮಾಂಸದ ಪೊಟ್ಟಣಗಳು ಹಬೆಯಾಡುತ್ತಾ ಬಂದವು. ಪೆರೂಸಿ ಕಸುಜ್ಜಾನ ಪಕ್ಕ ಮಂಡಿಯೂರಿ ಕುಳಿತು ಬಡಿಸಿದಳು. ಬಡಿಸುತ್ತಾ, ತಲೆ ತಗ್ಗಿಸಿಯೇ, ಮೆಲ್ಲಗೆ ಕೇಳಿದಳು:

"ಅವಳಿಗೆ ಇಷ್ಟ ಇತ್ತಾ?"

"ಯಾರಿಗೆ?"

"ಆ ವಿಕ್ಟೋರಿಯಾಗೆ."

ಕಸುಜ್ಜಾ ಸುತ್ತ ನೋಡಿದ. ಹೆಡ್‌ಮಾಸ್ಟರು ಒಂದು ಮೂಳೆಯ ಜೊತೆ ಗಹನವಾದ ಮಾತುಕತೆಯಲ್ಲಿದ್ದರು.

"ಅವಳೇ ಕೇಳಿದ್ದು," ಎಂದ ಪಿಸುದನಿಯಲ್ಲಿ. "ರಾಣಿಯಲ್ವಾ, ಅವಳನ್ನ ಯಾರೂ ಕೇಳೋ ಹಾಗಿರಲಿಲ್ಲ. ಅವನನ್ನ ಕೋಣೆಗೆ ಕರೆಸಿ, ನನ್ನ ಮದುವೆ ಆಗ್ತೀಯಾ ಅಂತ ಅವಳ ಬಾಯಿಂದಲೇ ಕೇಳಿದ್ಲು."

ಪೆರೂಸಿಯ ಸೌಟು ನಿಂತಿತು.

"ಹಾಗಾದ್ರೆ ಆ ಮಾವಂದು ಏನು ತಪ್ಪು? ಅವನಿಗ್ಯಾಕೆ ದಂಡ ಹಾಕಿದ್ರಿ?"

"ಶ್," ಎಂದ ಕಸುಜ್ಜಾ. ಪೊಟ್ಟಣ ಬಿಚ್ಚಿ, ಒಳ್ಳೆಯ ತುಂಡೊಂದನ್ನು ಆರಿಸಿ ಅವಳ ಕಡೆ ಸರಿಸಿದ. "ಆಡು ಆಗಲೇ ಬೆಂದಿದೆ."